ಸೊಸಾಯಿಟಿಗೆ ಎಂಥ ಫೈರ್‌ವಾಲ್ ಬೇಕು?

2018ರ ಆಗಸ್ಟ್ 11ರಂದು ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಹಣವನ್ನು ಕಳ್ಳರು 28 ದೇಶಗಳ ಎಟಿಎಂಗಳಲ್ಲಿ ಎಳೆದುಕೊಂಡರು. 13ರಂದು ಇನ್ನಷ್ಟು ಹಣ ಹಾಂಗ್‌ಕಾಂಗಿನ ಖಾತೆಯೊಂದಕ್ಕೆ ಹೋಯಿತು. ಒಟ್ಟು 94 ಕೋಟಿ ರೂಪಾಯಿಗೂ ಮೇಲೆ. ನಕಲಿ ಕಾರ್ಡು ಹಿಡಿದು ಹಣ ತೆಗೆದ ಊರುಗಳಲ್ಲಿ ನಿಪ್ಪಾಣಿಯ ಪಕ್ಕದ ಕೊಲ್ಹಾಪುರವೂ ಇತ್ತು. ಎಟಿಎಂಗೆ ಕಾರ್ಡು ಹಾಕಿದಾಗ ‘ಹಣ ಕೊಡಲೇ?’ ಎಂಬ ಪ್ರಶ್ನೆ ಬ್ಯಾಂಕಿನ ಸ್ವಿಚ್ ಎಂಬ ಸರ್ವರಿಗೆ ಹೋಗುತ್ತದೆ. ಕಳ್ಳರು ಮಾಲ್‌ವೇರ್ ನುಗ್ಗಿಸಿ ನಕಲಿ ಸ್ವಿಚ್ಚೊಂದನ್ನು ಕೂರಿಸಿದ್ದರು. ಖಾತೆಯಲ್ಲಿ ಹಣ ಇದೆಯೋ ಇಲ್ಲವೋ ನೋಡದೆ ಅದು ಎಲ್ಲದಕ್ಕೂ ಹೂಂ ಅಂದಿತು.

ಹಣ ಕಾಯುವ ಇಂಥ ಸಂಸ್ಥೆಗಳು ನಮ್ಮಲ್ಲೂ ಕಮ್ಮಿಯಿಲ್ಲ: ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಪತ್ತಿನ ಸೊಸಾಯಿಟಿ, ಸೌಹಾರ್ದ, ಸಕ್ಕರೆ ಕಾರ್ಖಾನೆ ಇಲ್ಲದ ಸೀಮೆ ಹುಡುಕುವುದು ಕಷ್ಟ. ಕಬ್ಬಿನ ಬಿಲ್ಲಿನಿಂದ ಹಿಡಿದು ಠೇವಣಿಯವರೆಗೆ ರೈತರ ಲೆಕ್ಕವೆಲ್ಲ ಈಗ ಕಂಪ್ಯೂಟರಿನಲ್ಲಿದೆ. ಹಾಗಾಗಿ ಇಂಟರ್‌ನೆಟ್ಟಿಗೂ ಕಚೇರಿಯ ಕಂಪ್ಯೂಟರುಗಳಿಗೂ ನಡುವೆ ಕಾವಲು ಕೂರುವ ಫೈರ್‌ವಾಲ್ ಪೆಟ್ಟಿಗೆ ಕೊಳ್ಳುವುದು ಆಡಳಿತ ಮಂಡಳಿಯೇ ಕೂತು ಯೋಚಿಸಬೇಕಾದ ವಿಷಯ, ಡೀಲರ್ ಕೊಟ್ಟ ಕೊಟೇಶನ್ನಿಗೆ ಸಹಿ ಹಾಕಿ ಮುಗಿಸುವಂಥದ್ದಲ್ಲ.

ಫೈರ್‌ವಾಲಿನ ಮೂಲ ಕೆಲಸ ಕಾರ್ಖಾನೆಯ ಗೇಟಿನವನ ಕೆಲಸದಂಥದ್ದು: ಒಳಗಿನವರು ಕರೆಸಿದ ಗಾಡಿಯ ನಂಬರು ಬರೆದಿಟ್ಟುಕೊಂಡು ಅದನ್ನಷ್ಟೇ ಒಳಗೆ ಬಿಡುತ್ತಾನೆ. ನಿಮ್ಮ ಕಂಪ್ಯೂಟರ್ ಹೊರಗೆ ಯಾರನ್ನು ಕೇಳಿತು ಎಂಬ ಪಟ್ಟಿಯನ್ನು ಫೈರ್‌ವಾಲ್ ಇಟ್ಟುಕೊಳ್ಳುತ್ತದೆ. ಆ ಪಟ್ಟಿಯಲ್ಲಿಲ್ಲದೆ ತಾನಾಗಿ ಬಂದದ್ದಕ್ಕೆ ಪ್ರವೇಶವಿಲ್ಲ. ಇಷ್ಟನ್ನು ಅಗ್ಗದ ಪೆಟ್ಟಿಗೆಯೂ ಮಾಡುತ್ತದೆ.

ಬಂದ ಮಾಲಿನೊಳಗೆ ಏನಿದೆ ಎಂದು ಬಿಚ್ಚಿ ನೋಡುವುದೇ ಕಷ್ಟದ ಕೆಲಸ. ಇಂದಿನ ವೆಬ್ ಸಂಚಾರದ ಬಹುಪಾಲು ಗೂಢಲಿಪಿಯಲ್ಲಿರುತ್ತದೆ. ಅದನ್ನು ಬಿಡಿಸಿ, ಪರೀಕ್ಷಿಸಿ, ಮತ್ತೆ ಮುಚ್ಚಿ ಕಳಿಸುವಾಗ ಪ್ರೊಸೆಸರ್ ಏದುಸಿರು ಬಿಡುತ್ತದೆ. ಕ್ಯಾಟಲಾಗಿನಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾದ ವೇಗ ಬರೀ ಗೇಟು ಕಾಯುವಾಗಿನದು. ತಪಾಸಣೆಯೆಲ್ಲ ಚಾಲೂ ಮಾಡಿದರೆ ಉಳಿಯುವುದು ಅದರ ಒಂದು ಸಣ್ಣ ಪಾಲು. ‘ಥ್ರೆಟ್ ಪ್ರೊಟೆಕ್ಷನ್ ಥ್ರೂಪುಟ್’ ಎಂಬ ಸಾಲನ್ನು ಹುಡುಕಿ ಓದಿ. ‘ಎಸ್‌ಎಸ್‌ಎಲ್ ಇನ್‌ಸ್ಪೆಕ್ಷನ್’ ಅಂಕಿ ಬೇರೆ ಕೊಟ್ಟಿದ್ದರೆ ಅದನ್ನೂ ನೋಡಿ. 100 ಎಂಬಿಪಿಎಸ್ ಲೈನಿರುವ ಕಚೇರಿಗೆ ಇವೆರಡೂ 200ಕ್ಕಿಂತ ಕೆಳಗಿರಬಾರದು ಎಂಬುದು ನನ್ನ ಲೆಕ್ಕ. ಸಾಲದಿದ್ದರೆ ಇಂಟರ್‌ನೆಟ್ ನಿಧಾನ ಎಂದು ಯಾರೋ ಒಬ್ಬರು ತಪಾಸಣೆಯನ್ನೇ ಬಂದ್ ಮಾಡಿಬಿಡುತ್ತಾರೆ.

ಎಷ್ಟು ಒಳ್ಳೆಯ ಪೆಟ್ಟಿಗೆ ತಂದರೂ ನಾವೇ ಬಾಗಿಲು ತೆರೆದಿಟ್ಟರೆ ವ್ಯರ್ಥ. ಅದರ ಸೆಟ್ಟಿಂಗ್‌ನಲ್ಲಿ ‘ಪೋರ್ಟ್ ಫಾರ್ವರ್ಡಿಂಗ್’ ಪುಟ, ಅಂದರೆ ಹೊರಗಿನವರಿಗೆ ತೆರೆದಿಟ್ಟ ಬಾಗಿಲುಗಳ ಪಟ್ಟಿ, ತೆಗೆದು ನೋಡಿ. 3389 ಎಂಬ ಸಾಲಿದ್ದರೆ, ಮನೆಯಿಂದ ಟ್ಯಾಲಿ ನೋಡಲೆಂದು ಲೆಕ್ಕಿಗರಿಗೆ ಯಾರೋ ರಿಮೋಟ್ ಡೆಸ್ಕ್‌ಟಾಪ್ ತೆರೆದುಕೊಟ್ಟಿದ್ದಾರೆ ಎಂದರ್ಥ. ಲೋಕದ ಕಳ್ಳರೆಲ್ಲ ಹಗಲೂ ರಾತ್ರಿ ತಡಕುವ ನಂಬರು ಅದು. ಅದರ ಪಕ್ಕದಲ್ಲೇ ಸಿಸಿಟಿವಿ ಡಿವಿಆರ್‌ಗೂ ಒಂದು ಸಾಲಿರಬಹುದು. ತಯಾರಕರು ಕೊಟ್ಟ ಪಾಸ್‌ವರ್ಡ್ ಬದಲಿಸದ ಇಂಥ ಕ್ಯಾಮೆರಾ, ಡಿವಿಆರ್‌ಗಳನ್ನೇ ಸೆರೆಹಿಡಿದು 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನು ಕೆಡವಿತ್ತು. ಎರಡೂ ಸಾಲು ಅಳಿಸಿ, ಹೊರಗಿನಿಂದ ಬರುವವರಿಗೆ ವಿಪಿಎನ್ ಎಂಬ ಗೂಢಲಿಪಿಯ ಖಾಸಗಿ ದಾರಿ ಕೊಡಿ. ಕ್ಯಾಮೆರಾ, ಗ್ರಾಹಕರ ವೈಫೈ, ಕೌಂಟರಿನ ಕಂಪ್ಯೂಟರ್‌ಗಳನ್ನು ಬೇರೆ ಬೇರೆ ಜಾಲದಲ್ಲಿಡಿ. ಹೀಗೆ ವಿಂಗಡಿಸಲು ಬಾರದ ಪೆಟ್ಟಿಗೆ ಬೇಡವೇ ಬೇಡ.

ಖರೀದಿಯ ಬೆಲೆಗಿಂತ ಲೈಸೆನ್ಸ್ ನವೀಕರಣದ ಬೆಲೆ ಮುಖ್ಯ. ಲೈಸೆನ್ಸ್ ಮುಗಿದ ಮೇಲೂ ದೀಪ ಮಿನುಗುತ್ತದೆ, ಇಂಟರ್‌ನೆಟ್ ನಡೆಯುತ್ತದೆ, ಹೊಸ ದಾಳಿಗಳ ಗುರುತು ಮಾತ್ರ ಬರುವುದಿಲ್ಲ. ಮೂರು ವರ್ಷದ ದರವನ್ನು ಕೊಟೇಶನ್ನಿನಲ್ಲೇ ಬರೆಸಿಕೊಳ್ಳಿ.

ಇನ್ನೊಂದು ಪ್ರಶ್ನೆಯನ್ನು ಡೀಲರಿಗೆ ಮರೆಯದೆ ಕೇಳಿ: ಲಾಗ್, ಅಂದರೆ ಬಂದುಹೋದದ್ದರ ದಾಖಲೆ, ಎಲ್ಲಿ ಉಳಿಯುತ್ತದೆ? ಕೇಂದ್ರ ಸರಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಲಾಗ್ 180 ದಿನ ಇರಬೇಕು, ಸೈಬರ್ ದಾಳಿ ಗೊತ್ತಾದ 6 ತಾಸಿನೊಳಗೆ ಅದರ ವರದಿ ಆ ಸಂಸ್ಥೆಗೆ ಹೋಗಬೇಕು. ಸಣ್ಣ ಪೆಟ್ಟಿಗೆಗಳಲ್ಲಿ ಬಹಳಷ್ಟಕ್ಕೆ ಒಳಗೆ ಡಿಸ್ಕೇ ಇರುವುದಿಲ್ಲ; ಲಾಗ್ ಕಳಿಸಿಡಲು ಬೇರೊಂದು ಕಂಪ್ಯೂಟರನ್ನೋ ಕ್ಲೌಡ್ ಸೇವೆಯನ್ನೋ ಅದೇ ಕೊಟೇಶನ್ನಿಗೆ ಸೇರಿಸಬೇಕಾಗುತ್ತದೆ.