ಪರದೇಶದಲ್ಲಿ ಕ್ಯಾಮರಾ ಹಿಡಿಯುವ ಮಕ್ಕಳಿಗೆ

ಬಲಸಮುದ್ರದಂತಹ ನಮ್ಮ ಊರುಗಳ ಮಕ್ಕಳೂ ಇಂದು ಓದಿಗಾಗಿ ಕಡಲಾಚೆಯ ಕನಸು ಕಾಣುತ್ತಾರೆ. ಛಾಯಾಗ್ರಹಣ ಬಲ್ಲವರು, ಅಲ್ಲಿಯ ಕನ್ನಡಿಗರ ಮದುವೆ, ನಾಮಕರಣಗಳ ಚಿತ್ರ ತೆಗೆದು ನಾಲ್ಕು ಕಾಸು ಗಳಿಸಬಹುದೆಂದು ಎಣಿಸುವುದು ಸಹಜವೇ. ಆದರೆ ಮೊದಲು ನೋಡಬೇಕಾದುದು ವೀಸಾದ ಷರತ್ತನ್ನು.

ಪ್ರವಾಸಿ ವೀಸಾದಲ್ಲಿ ಹೋದವರು ಅಲ್ಲಿಯವರಿಂದ ಹಣ ಪಡೆದು ದುಡಿಯುವಂತಿಲ್ಲ. ಬ್ರಿಟನ್ನಿನಲ್ಲಿ ಪದವಿ ಓದುವ ವಿದ್ಯಾರ್ಥಿಗೆ ಪಾಠದ ಅವಧಿಯಲ್ಲಿ ಸಾಮಾನ್ಯವಾಗಿ ವಾರಕ್ಕೆ 20 ಗಂಟೆಗಳ ನೌಕರಿಗೆ ಅವಕಾಶವುಂಟು, ಸ್ವಂತ ಉದ್ಯೋಗಕ್ಕಿಲ್ಲ. ತಾನೇ ಮದುವೆಯ ಚಿತ್ರಗಳನ್ನು ಒಪ್ಪಿಕೊಳ್ಳುವುದು ಸ್ವಂತ ಉದ್ಯೋಗವೇ ಸರಿ. ಅಮೆರಿಕದಲ್ಲಿ ಅನುಮತಿಯಿಲ್ಲದೆ ದುಡಿದ ವಿದ್ಯಾರ್ಥಿಯು ಓದನ್ನೇ ಬಿಟ್ಟು ಮರಳಬೇಕಾದೀತು. ಸಾಲ ಮಾಡಿ ಕಳುಹಿಸಿದ ಮನೆಯವರ ಗತಿಯೇನು?

ಹಾಗೆಂದು ದಾರಿಯಿಲ್ಲವೆಂದಲ್ಲ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರು ಮೊದಲು ನಾಡಿನ ಪತ್ರಿಕೆಗಳಲ್ಲಿ ಹೆಸರು ಗಳಿಸಿದರು. ಬಳಿಕ ಯುನಿಸೆಫ್ ಸಂಸ್ಥೆಯೇ ಅವರಿಗೆ ಕೆಲಸ ಒಪ್ಪಿಸಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು.

ಇನ್ನೊಂದು ಮಾತು. ಬೆಲೆಬಾಳುವ ಕ್ಯಾಮರಾ ಒಯ್ಯುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಸುಂಕದ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆಯಲಿ. ಮರಳುವಾಗ ಅದಕ್ಕೆ ಸುಂಕದ ತಕರಾರು ಬಾರದು. ಕೈಯಲ್ಲಿ ಕಲೆಯಿರಲಿ, ಜೊತೆಗೆ ಕಾಗದಪತ್ರವೂ ನೇರವಾಗಿರಲಿ ಎಂಬುದೇ ನಮ್ಮ ಹಾರೈಕೆ.