ಬೆರಳ ಸಂಧಿಗಳ ನೋವು ಮತ್ತು ಬೌಲಿಂಗ್ ಚೆಂಡಿನ ಹಿಡಿತ

ಮೂಲತಃ ನಮ್ಮ ಭಾಗದವರೇ ಆಗಿ, ಬಹುಕಾಲದಿಂದ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ನೆಲೆಸಿರುವ ನಿವೃತ್ತ ಎಂಜಿನಿಯರರೊಬ್ಬರು ಎರಡು ವರ್ಷಗಳ ಹಿಂದೆ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ವಯಸ್ಸು ೬೮. ಬಲಗೈಯ ಹೆಬ್ಬೆರಳು, ನಡುಬೆರಳು ಹಾಗೂ ಉಂಗುರ ಬೆರಳಿನ ಗೆಣ್ಣುಗಳಲ್ಲಿ ನೋವು, ಬಾವು. ಸಂಧಿಗತ ವಾತವೆಂದು ನಿಶ್ಚಯಿಸಿ ಅಭ್ಯಂಗ, ಸ್ವೇದನ ಹಾಗೂ ಸೇವನೆಗೆ ಔಷಧವನ್ನು ಕೊಟ್ಟೆ. ಊರಿನಲ್ಲಿದ್ದ ಒಂದು ತಿಂಗಳಲ್ಲಿ ನೋವು ಬಹುಮಟ್ಟಿಗೆ ಇಳಿಯಿತು. ಹಿಂದಿರುಗಿದ ಮೂರೇ ವಾರಗಳಲ್ಲಿ ಮತ್ತೆ ಮರುಕಳಿಸಿತು. ಎಣ್ಣೆಯನ್ನು ಮುಂದುವರಿಸಿರೆಂದು ದೂರವಾಣಿಯಲ್ಲಿ ಹೇಳಿ ಸುಮ್ಮನಾದೆ.

ಮರುವರ್ಷ ಅವರು ಬಂದಾಗ, ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ: "ಎಡಗೈ ಚೆನ್ನಾಗಿದೆ, ಬಲಗೈಯ ಮೂರು ಬೆರಳುಗಳಷ್ಟೇ ನೋಯುತ್ತಿವೆ. ಈ ಮೂರು ಬೆರಳುಗಳಿಂದ ಏನು ಮಾಡುತ್ತೀರಿ?" ವಾರಕ್ಕೆರಡು ಸಂಜೆ ಬೌಲಿಂಗ್ ಆಡುವುದಾಗಿ ಹೇಳಿದರು. "ಬಿಟ್ಟುಬಿಡಿ" ಎಂದೆ. ಅವರು ಸ್ವಲ್ಪ ಹೊತ್ತು ಮೌನವಾಗಿದ್ದು, "ಪತ್ನಿ ಇಲ್ಲ, ಮಕ್ಕಳು ಬೇರೆ ಊರುಗಳಲ್ಲಿ. ಹಿಮ ಬೀಳುವ ತಿಂಗಳುಗಳಲ್ಲಿ ನಾನು ನಾಲ್ಕು ಜನರೊಡನೆ ಕುಳಿತು ಮಾತನಾಡುವುದು ಆ ಎರಡು ಸಂಜೆ ಮಾತ್ರ" ಎಂದರು. ಬಿಡಿ ಎನ್ನುವುದು ಸುಲಭ, ಆದರೆ ಅದು ಚಿಕಿತ್ಸೆಯಲ್ಲ ಎಂಬುದು ಆಗ ನನಗೆ ಅರಿವಾಯಿತು. ಆ ಚೆಂಡನ್ನು ಹೇಗೆ ಹಿಡಿಯುತ್ತಾರೆಂದು ವಿವರವಾಗಿ ಕೇಳಿ ತಿಳಿದುಕೊಂಡೆ. ವಿದೇಶದಲ್ಲಿರುವ ಬಂಧುಗಳಿಗೂ ನಮ್ಮ ನಗರಗಳಲ್ಲಿ ಈ ಆಟವಾಡುವ ಯುವಕರಿಗೂ ಉಪಯೋಗವಾಗಲೆಂದು ಅದನ್ನಿಲ್ಲಿ ಬರೆಯುತ್ತಿದ್ದೇನೆ.

ಬೌಲಿಂಗ್ ಎಂದೊಡನೆ ನಮಗೆ ಕ್ರಿಕೆಟ್ ನೆನಪಾಗುತ್ತದೆ. ಇದು ಬೇರೆ ಆಟ. ನುಣುಪಾದ ಉದ್ದನೆಯ ಹಾಸಿನ ಮೇಲೆ ಭಾರವಾದ ಚೆಂಡನ್ನುರುಳಿಸಿ, ೬೦ ಅಡಿ ದೂರದಲ್ಲಿ ನಿಲ್ಲಿಸಿರುವ ಹತ್ತು ಗೂಟಗಳನ್ನು ಬೀಳಿಸಬೇಕು. ಅಮೆರಿಕದಲ್ಲಿ ಇದಕ್ಕೆ ಏಕರೂಪದ ನಿಯಮಗಳನ್ನು ರೂಪಿಸಲು ೧೮೯೫ರಲ್ಲೇ ಸಂಘವೊಂದು ಸ್ಥಾಪನೆಯಾಯಿತು. ಚೆಂಡಿನ ತೂಕ ಗರಿಷ್ಠ ೧೬ ಪೌಂಡು, ಎಂದರೆ ಸುಮಾರು ೭.೨೫ ಕಿಲೋಗ್ರಾಂ. ಅದರಲ್ಲಿ ಹೆಬ್ಬೆರಳು, ನಡುಬೆರಳು, ಉಂಗುರ ಬೆರಳುಗಳಿಗಾಗಿ ಮೂರು ರಂಧ್ರಗಳಿರುತ್ತವೆ. ಒಂದು ಸಂಜೆ ಮೂರು ಆಟವಾಡಿದರೆ ಸುಮಾರು ೫೦ ಬಾರಿ ಅಷ್ಟು ಭಾರವನ್ನು ಮೂರು ಬೆರಳುಗಳೇ ಎತ್ತಿ, ಬೀಸಿ, ಬಿಡಬೇಕಾಗುತ್ತದೆ.

ರಂಧ್ರಗಳು ಕೈಗೆ ಸರಿಹೊಂದಿದ್ದರೆ ಚೆಂಡು ತಾನಾಗಿ ಕೈಯಲ್ಲಿ ನಿಲ್ಲುತ್ತದೆ, ಬೆರಳುಗಳು ಸಡಿಲವಾಗಿರುತ್ತವೆ. ಹೊಂದದಿದ್ದರೆ ಚೆಂಡು ಜಾರದಂತೆ ಬೆರಳುಗಳು ಬಿಗಿಹಿಡಿಯುತ್ತವೆ. ಸಂಧಿಗಳನ್ನು ಹೆಚ್ಚಾಗಿ ಸವೆಸುವುದು ಈ ಬಿಗಿತವೇ. ಸಂಧಿಗತ ವಾತದಲ್ಲಿ ಸಂಧಿಯು ಗಾಳಿ ತುಂಬಿದ ಚೀಲದಂತೆ ಊದಿಕೊಂಡು, ಮಡಿಸುವಾಗಲೂ ಚಾಚುವಾಗಲೂ ನೋಯುತ್ತದೆಂದು ಚರಕಾಚಾರ್ಯರು ವಿವರಿಸಿದ್ದಾರೆ. ವ್ಯಾಧಿಯ ಕಾರಣವನ್ನು ಮೊದಲು ದೂರಮಾಡಬೇಕೆಂಬ ನಿದಾನ ಪರಿವರ್ಜನವು ಆಯುರ್ವೇದ ಚಿಕಿತ್ಸೆಯ ತಳಹದಿ. ಇಲ್ಲಿ ಕಾರಣವು ಆಟವಲ್ಲ, ಆಟದ ಚೆಂಡಿನ ಅಳತೆ. ಪರೀಕ್ಷಿಸಬೇಕಾದ ಅಂಶಗಳು ಐದು.

ಮೊದಲನೆಯದು ರಂಧ್ರದ ಗಾತ್ರ. ಹೆಬ್ಬೆರಳ ರಂಧ್ರ ಸಡಿಲವಾಗಿದ್ದರೆ ಬೆರಳು ಒಳಗೇ ಗೆಣ್ಣನ್ನು ಮಡಿಸಿ ಚೆಂಡನ್ನು ಹಿಡಿದುಕೊಳ್ಳುತ್ತದೆ. ಬಿಗಿಯಾಗಿದ್ದರೆ ಚೆಂಡು ಬಿಡುವಾಗ ಬೆರಳೇ ಎಳೆದಂತಾಗುತ್ತದೆ. ಬೆರಳು ಸುತ್ತಲೂ ಲಘುವಾಗಿ ತಾಗುತ್ತಾ, ಎಳೆತವಿಲ್ಲದೆ ಒಳಹೋಗಿ ಹೊರಬರಬೇಕು. ಆಡುತ್ತಾ ಆಡುತ್ತಾ ಬೆರಳು ಊದಿಕೊಳ್ಳುವುದುಂಟು, ಚಳಿಯಲ್ಲಿ ಕುಗ್ಗುವುದೂ ಉಂಟು. ಅದಕ್ಕಾಗಿ ರಂಧ್ರದೊಳಗೆ ಅಂಟಿಸುವ ತೆಳುವಾದ ಪಟ್ಟಿಗಳು ದೊರೆಯುತ್ತವೆ. ಅಗತ್ಯಕ್ಕೆ ತಕ್ಕಂತೆ ಒಂದನ್ನು ಸೇರಿಸಬಹುದು, ಒಂದನ್ನು ತೆಗೆಯಬಹುದು.

ಎರಡನೆಯದು ಅಂತರ, ಎಂದರೆ ಹೆಬ್ಬೆರಳ ರಂಧ್ರದಿಂದ ಉಳಿದೆರಡು ರಂಧ್ರಗಳಿಗಿರುವ ದೂರ. ಅದು ಹೆಚ್ಚಾದರೆ ಅಂಗೈ ಹಾಗೂ ಸ್ನಾಯುರಜ್ಜುಗಳು ಎಳೆತಕ್ಕೊಳಗಾಗುತ್ತವೆ, ಕಡಿಮೆಯಾದರೆ ಬೆರಳುಗಳು ಹಿಂಡಿ ಹಿಡಿಯುತ್ತವೆ. ಬೆರಳುಗಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸುವ ಸಾಂಪ್ರದಾಯಿಕ ಹಿಡಿತದಲ್ಲಿ ಇದನ್ನು ನಾವೇ ನೋಡಿಕೊಳ್ಳಬಹುದು. ಹೆಬ್ಬೆರಳನ್ನು ಪೂರ್ತಿ ಒಳಗಿಟ್ಟು, ಉಳಿದೆರಡು ಬೆರಳುಗಳನ್ನು ರಂಧ್ರಗಳ ಮೇಲೆ ಸಡಿಲವಾಗಿ ಚಾಚಬೇಕು. ಎರಡನೆಯ ಗೆಣ್ಣಿನ ಗೆರೆಯು ರಂಧ್ರದ ಒಳಅಂಚನ್ನು ಸುಮಾರು ಕಾಲು ಅಂಗುಲ ದಾಟಿದ್ದರೆ ಅಂತರ ಸರಿಯಾಗಿದೆಯೆಂದು ತಿಳಿಯಬಹುದು.

ಮೂರನೆಯದು ಬೆರಳಿಳಿಯುವ ಆಳ. ನುರಿತ ಆಟಗಾರರು ಬೆರಳನ್ನು ತುದಿಯ ಗೆಣ್ಣಿನವರೆಗಷ್ಟೇ ಇಳಿಸುತ್ತಾರೆ. ಚೆಂಡಿಗೆ ಹೆಚ್ಚು ತಿರುವು ದೊರೆಯುತ್ತದೆ, ಆದರೆ ಭಾರವೆಲ್ಲ ಬೆರಳ ತುದಿಯ ಮೇಲೆ ಬೀಳುತ್ತದೆ. ತುದಿಯ ಗೆಣ್ಣು ನೋಯುವವರಿಗೆ ಸಾಂಪ್ರದಾಯಿಕ ಹಿಡಿತವೇ ಹಿತ. ಎರಡು ಗೆಣ್ಣುಗಳ ನಡುವೆ ನಿಲ್ಲಿಸುವ ಅರ್ಧ ಹಿಡಿತವನ್ನು ನೋವಿರುವವರು ಬಿಡುವುದು ಲೇಸು.

ನಾಲ್ಕನೆಯದು ರಂಧ್ರದ ಓರೆ ಮತ್ತು ಅಂಚು. ಪೂರ್ತಿ ಮಡಿಯದ ಅಥವಾ ಪೂರ್ತಿ ಚಾಚಲಾಗದ ಬೆರಳಿಗೆ ಒಗ್ಗುವಂತೆ ರಂಧ್ರ ಕೊರೆಯುವ ಕೋನವನ್ನು ಬದಲಿಸಬಹುದು. ಅಂಚು ಹರಿತವಾಗಿದ್ದರೆ ಉಜ್ಜಿ ದುಂಡಗೆ ಮಾಡಿಸಬೇಕು. ಹರಿತವಾದ ಅಂಚು ಹೆಬ್ಬೆರಳ ಪಕ್ಕದ ನರವನ್ನು ಪದೇ ಪದೇ ಒತ್ತಿದರೆ ಜುಮ್ಮೆನ್ನುವಿಕೆ, ಮರಗಟ್ಟುವಿಕೆ ಉಂಟಾಗುತ್ತವೆ. ಈ ಲಕ್ಷಣ ಕಂಡಾಗ ಆಟವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಐದನೆಯದು ತೂಕ. ಮೂವತ್ತರ ವಯಸ್ಸಿನಲ್ಲಿ ಎತ್ತಿದ ಚೆಂಡನ್ನು ಎಪ್ಪತ್ತರಲ್ಲಿಯೂ ಎತ್ತಬೇಕೆಂಬ ಛಲ ಸಲ್ಲದು.

ನಮ್ಮ ಎಂಜಿನಿಯರರ ಚೆಂಡು ೧೫ ಪೌಂಡಿನದು. ಅದನ್ನು ಕೊರೆಯಿಸಿ ಹತ್ತು ವರ್ಷಗಳಾಗಿದ್ದವು. ಅಷ್ಟರಲ್ಲಿ ಅವರ ಗೆಣ್ಣುಗಳು ದಪ್ಪಗಾಗಿದ್ದವು, ಅಂಗೈ ಮೊದಲಿನಂತೆ ಚಾಚುತ್ತಿರಲಿಲ್ಲ. ಕೈ ಬದಲಾಗಿದ್ದರೂ ಚೆಂಡು ಬದಲಾಗಿರಲಿಲ್ಲ. ಯಾವ ಬೆರಳಿನ ಯಾವ ಗೆಣ್ಣು ಯಾವಾಗ ನೋಯುತ್ತದೆಂಬುದನ್ನು ಚೀಟಿಯಲ್ಲಿ ಬರೆದುಕೊಟ್ಟು, ಅಲ್ಲಿ ಚೆಂಡು ಕೊರೆಯುವ ಕುಶಲಕರ್ಮಿಗೆ ತೋರಿಸಲು ಹೇಳಿದೆ. ಆತ ಕೈಯನ್ನು ಹೊಸದಾಗಿ ಅಳೆದು, ೧೨ ಪೌಂಡಿನ ಚೆಂಡಿಗೆ ಅಂತರವನ್ನು ಕಡಿಮೆ ಮಾಡಿ ಕೊರೆದುಕೊಟ್ಟ. ತೂಕ ಬದಲಿಸಬೇಕಿಲ್ಲದವರು ಹಳೆಯ ಚೆಂಡಿನ ರಂಧ್ರಗಳನ್ನೇ ತುಂಬಿಸಿ ಮತ್ತೆ ಕೊರೆಯಿಸಬಹುದು.

ಚಿಕಿತ್ಸೆಯೂ ಜೊತೆಗಿರಲಿ. ಆಡುವ ಮುನ್ನ ಐದು ನಿಮಿಷ ಬಿಸುಪಾದ ನೀರಿನಲ್ಲಿ ಕೈಯಿಟ್ಟು, ಬೆರಳುಗಳನ್ನು ನಿಧಾನವಾಗಿ ಮಡಿಸಿ ಚಾಚಬೇಕು. ರಾತ್ರಿ ಮಹಾನಾರಾಯಣ ತೈಲವನ್ನು ಉಗುರುಬೆಚ್ಚಗೆ ಮಾಡಿ ಮೃದುವಾಗಿ ಸವರಬಹುದು. ಆಡುವ ಮುನ್ನ ಎಣ್ಣೆ ಸಲ್ಲದು, ಚೆಂಡು ಜಾರಿ ಹಿಡಿತ ಮತ್ತಷ್ಟು ಬಿಗಿಯಾಗುತ್ತದೆ. ಬೆಳಗಿನ ಬಿಗಿತ ಒಂದು ಗಂಟೆಗೂ ಮೀರಿ ಉಳಿದು, ಎರಡೂ ಕೈಗಳ ಗೆಣ್ಣುಗಳು ಬೆಚ್ಚಗೆ ಊದಿದ್ದರೆ ಆಮವಾತವಿರಬಹುದು. ಅಂಥವರು ಎಣ್ಣೆ ಹಚ್ಚದೆ ಮೊದಲು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಒಂದೇ ಗೆಣ್ಣು ಒಮ್ಮೆಲೇ ಕೆಂಪಾಗಿ ಉರಿದರೆ, ಅಥವಾ ಮಡಿಸಿದ ಬೆರಳು ಸಿಕ್ಕಿಕೊಂಡರೆ ತಡಮಾಡಬಾರದು.

ಆರು ತಿಂಗಳ ನಂತರ ಅವರು ದೂರವಾಣಿ ಮಾಡಿದ್ದರು. ಗೆಣ್ಣಿನ ಗಂಟುಗಳು ಹಾಗೆಯೇ ಇವೆ, ಅವು ಕರಗುವಂಥವಲ್ಲ. ನೋವು ತಾಳುವಷ್ಟಕ್ಕೆ ಇಳಿದಿದೆ. ಮೂರು ಆಟಗಳ ಬದಲು ಎರಡನ್ನಷ್ಟೇ ಆಡುತ್ತಾರೆ, ಆದರೆ ವಾರದ ಎರಡು ಸಂಜೆಗಳೂ ಉಳಿದಿವೆ.

ನಮ್ಮ ಹಿರಿಯರು ಕುಡುಗೋಲಿನ ಹಿಡಿ ತೆಳುವಾದರೆ ಬಟ್ಟೆ ಸುತ್ತುತ್ತಿದ್ದರು, ದಪ್ಪವಾದರೆ ಕೆತ್ತುತ್ತಿದ್ದರು. ಅಡುಗೆಮನೆಯ ಚಾಕು, ಬರೆಯುವ ಲೇಖನಿ, ವಾಹನದ ಹಿಡಿ ಎಲ್ಲಕ್ಕೂ ಇದೇ ವಿವೇಕ ಅನ್ವಯಿಸುತ್ತದೆ. ಬೆರಳ ನೋವಿಗೆ ವೈದ್ಯರಲ್ಲಿಗೆ ಹೋಗುವಾಗ, ಆ ಕೈ ದಿನವೂ ಹಿಡಿಯುವ ವಸ್ತುವನ್ನೂ ಜೊತೆಯಲ್ಲಿ ಕೊಂಡೊಯ್ಯಿರಿ.