ನದಿದಂಡೆಯ ಕಾಡಿಗೆ ಕಾವಲು ನಿಂತ ಹೆಂಗಸರು

ಊರಿಂದ ಅಪ್ಪ ಅಮ್ಮ ಸಿಡ್ನಿಗೆ ಬಂದಾಗಲೆಲ್ಲ ನಾನು ಮೊದಲು ಕರೆದೊಯ್ಯುವುದು ಪ್ಯಾರಮ್ಯಾಟಾ ನದಿದಂಡೆಯ ಕೆಲ್ಲೀಸ್ ಬುಷ್‌ಗೆ. ಈ ಕುರುಚಲು ಕಾಡು ಉಳಿದ ಕಥೆ ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇಲ್ಲಿ ಕಂಪನಿಯೊಂದು ದುಬಾರಿ ಮನೆ ಕಟ್ಟಲು ಹೊರಟಾಗ ಇದೇ ಹಂಟರ್ಸ್ ಹಿಲ್ ಬಡಾವಣೆಯ 13 ಹೆಂಗಸರು ತಿರುಗಿಬಿದ್ದರು. ಪುರಸಭೆ, ಸರ್ಕಾರ ಎಲ್ಲೂ ನ್ಯಾಯ ಸಿಗದೆ, 1971ರಲ್ಲಿ ಕಟ್ಟಡ ಕಾರ್ಮಿಕರ ಸಂಘದ ಮೊರೆಹೊಕ್ಕರು. ಉಳ್ಳವರ ಬಡಾವಣೆಗಾಗಿ ಕೂಲಿಯವರು ಕೆಲಸ ಬಿಡುವುದುಂಟೇ? ಊರಿನ ಬೆಂಬಲ ತೋರಿಸಿ ಎಂದಿತು ಸಂಘ. ಸಾರ್ವಜನಿಕ ಸಭೆಗೆ ಜನ ಕಿಕ್ಕಿರಿದರು. ಆಗ ಜ್ಯಾಕ್ ಮಂಡಿ ಮುಂದಾಳುತನದ ಸಂಘ, ಇಲ್ಲಿ ಕೈಯಿಟ್ಟರೆ ಅದೇ ಕಂಪನಿಯ ಇನ್ನೊಂದು ಕಟ್ಟಡ ಅರ್ಧಕ್ಕೇ ನಿಲ್ಲುತ್ತದೆ ಎಂದು ಎಚ್ಚರಿಸಿತು. ಪರಿಸರ ಉಳಿಸಲು ಕಾರ್ಮಿಕರೇ ಕೆಲಸ ನಿರಾಕರಿಸುವ ‘ಗ್ರೀನ್ ಬ್ಯಾನ್’ ಚಳವಳಿ ಹುಟ್ಟಿದ್ದು ಹೀಗೆ.

ಹೆಂಗಸರು ಪಟ್ಟು ಸಡಿಲಿಸಲಿಲ್ಲ. 1983ರಲ್ಲಿ ಸರ್ಕಾರವೇ ಜಾಗ ಕೊಂಡು ಸಾರ್ವಜನಿಕರಿಗೆ ಬಿಟ್ಟಿತು.